ಪ್ರತಿಕಾಯದ ಅಭಾವದಲ್ಲಿ ಸಹಜರಕ್ಷಕ ಕಣಗಳ ವ್ಯಾಪಾರ

೧. ಪ್ರಸ್ತಾವ

ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಬಲವು ಸಹಜ, ಕಾಲಜ, ಯುಕ್ತಿಕೃತ ಎಂದು ಮೂರು ತೆರನಾಗಿ ವಿಭಾಗಿಸಲ್ಪಟ್ಟಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹುಟ್ಟಿನೊಡನೆ ಬಂದುದು ಸಹಜ. ಋತುವಿನಿಂದಲೂ ವಯಸ್ಸಿನಿಂದಲೂ ಆಗುವುದು ಕಾಲಜ. ಆಹಾರ ವಿಹಾರಾದಿಗಳ ಯೋಗದಿಂದ ಸಂಪಾದಿಸಿದುದು ಯುಕ್ತಿಕೃತ. ಈಗಿನ ವೈದ್ಯಶಾಸ್ತ್ರವೂ ದೇಹದ ರೋಗನಿರೋಧವನ್ನು ಸಹಜವೆಂದೂ ಅರ್ಜಿತವೆಂದೂ ಎರಡಾಗಿ ಎಣಿಸುತ್ತದೆ. ಹೆಸರು ಕೂಡಿದ ಮಾತ್ರದಿಂದ ಅರ್ಥವೂ ಕೂಡಿತೆಂದು ಹೇಳುವುದು ಸಾಹಸವಾದೀತು. ಚರಕನು ರಕ್ತಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡವನಲ್ಲ. ಕಂಡಿದ್ದನೆಂದು ಸಾಧಿಸಹೊರಡುವುದರಿಂದ ಆತನ ಗೌರವವೇನೂ ಹೆಚ್ಚುವುದಿಲ್ಲ. ಒಳ್ಳೆಯ ಶಬ್ದವೊಂದು ನಮ್ಮಲ್ಲಿ ಮೊದಲೇ ಇದ್ದಿತು, ಅದನ್ನು ಈ ಕೆಲಸಕ್ಕೆ ತೆಗೆದುಕೊಂಡಿದ್ದೇವೆ ಎಂಬಷ್ಟು ಮಾತ್ರ ಇಲ್ಲಿ ವಿವಕ್ಷಿತ.

ಈ ವಿಷಯವನ್ನು ವಿಚಾರಿಸಲು ನನಗೆ ಪ್ರೇರಕವಾದುದು ಗ್ರಂಥವಲ್ಲ, ಒಂದು ಮನೆಯ ಕಷ್ಟ. ಶಿವನಸಮುದ್ರದ ಆಸುಪಾಸಿನ ಹಳ್ಳಿಯೊಂದರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಅವನ ಮಗನಿಗೆ ಎಂಟನೆಯ ತಿಂಗಳಿಂದ ಕಿವಿ ಸೋರುವುದು, ಎದೆಯಲ್ಲಿ ಕಫ ಕಟ್ಟಿ ಜ್ವರ ಬರುವುದು, ಔಷಧಕ್ಕೆ ಇಳಿದು ತಿಂಗಳೊಳಗೆ ಮರುಕಳಿಸುವುದು, ಹೀಗೆಯೇ ಐದು ವರ್ಷಗಳು ಕಳೆದುವು. ಕೊನೆಗೆ ಬೆಂಗಳೂರಿನಲ್ಲಿ ರೋಗನಿರ್ಣಯವಾಯಿತು: ಮಗುವಿನ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆಂಬಷ್ಟು ಕಡಿಮೆ. ಇದಕ್ಕೆ ಮೊದಲು ಎಷ್ಟೋ ಸಲ ರಕ್ತವನ್ನು ನೋಡಿದವರು ಬಿಳಿಯ ಕಣಗಳ ಎಣಿಕೆ ಸರಿಯಾಗಿಯೇ ಇದೆಯೆಂದು ಬರೆದುಕೊಟ್ಟಿದ್ದರು. ಒಂದು ಸಂಜೆ ಹೊಳೆಯ ದಡದಲ್ಲಿ ಕುಳಿತಿದ್ದಾಗ ಅವನು ಕೇಳಿದನು: “ಮೇಷ್ಟ್ರೇ, ಕಾಯೋ ಕಣ ಬೇಕಾದಷ್ಟು ಅವೆ ಅಂತ ಒಂದು ಚೀಟೀಲಿ ಬರೆದವ್ರೆ, ಕಾಯೋ ಶಕ್ತೀನೇ ಇಲ್ಲ ಅಂತ ಇನ್ನೊಂದ್ರಲ್ಲಿ ಬರೆದವ್ರೆ. ಯಾವುದು ಸುಳ್ಳು?”

ಎರಡೂ ಸುಳ್ಳಲ್ಲ. ಎರಡೂ ಏಕಕಾಲದಲ್ಲಿ ಹೇಗೆ ನಿಜವಾಗುತ್ತವೆ ಎಂಬುದೇ ಪ್ರಕೃತ ಲೇಖನದ ವಿಷಯ. ನಾವು ಕುಳಿತಿದ್ದ ಸ್ಥಳದಲ್ಲಿಯೇ ಉತ್ತರಕ್ಕೆ ಒಂದು ದೃಷ್ಟಾಂತವಿದ್ದಿತು. ಕಾವೇರಿಯು ಅಲ್ಲಿ ನಡುಗಡ್ಡೆಯನ್ನು ಬಳಸಿ ಎರಡಾಗಿ ಕವಲೊಡೆದು, ಒಂದು ಗಗನಚುಕ್ಕಿಯಾಗಿಯೂ ಮತ್ತೊಂದು ಭರಚುಕ್ಕಿಯಾಗಿಯೂ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತದೆ. ಸಹಜರಕ್ಷೆಯ ಕಣಗಳೂ ಪ್ರತಿಕಾಯವನ್ನು ತಯಾರಿಸುವ ಕಣಗಳೂ ಹಾಗೆಯೇ ಎಲುಬಿನ ಮಜ್ಜೆಯೆಂಬ ಒಂದೇ ಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ರೋಗಾಣುವಿರುವ ಸ್ಥಳದಲ್ಲಿ ಮತ್ತೆ ಕೂಡುತ್ತವೆ. ಒಂದು ಕವಲು ಬತ್ತಿದರೆ ಮತ್ತೊಂದರ ಗತಿಯೇನು ಎಂಬುದೇ ಪ್ರಶ್ನೆ.

೨. ಎರಡು ಪಕ್ಷಗಳು ಮತ್ತು ಅವುಗಳ ಸಮನ್ವಯ

೧೮೮೨ರಲ್ಲಿ ರಷ್ಯಾ ದೇಶದ ಪ್ರಾಣಿಶಾಸ್ತ್ರಜ್ಞನಾದ ಮೆಚ್ನಿಕಾಫನು ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣದಲ್ಲಿದ್ದಾಗ ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಯೊಳಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟನು. ಮರುದಿನ ನೋಡಲಾಗಿ, ಸಂಚಾರಶೀಲವಾದ ಕಣಗಳು ಬಂದು ಆ ಮುಳ್ಳನ್ನು ಮುತ್ತಿಕೊಂಡಿದ್ದುವು. ಇವಕ್ಕೆ ತಿನ್ನುವ ಕಣಗಳೆಂಬ ಅರ್ಥದ ಗ್ರೀಕ್ ಹೆಸರು ಬಂದಿತು, ನಾವು ಭಕ್ಷಕಕಣಗಳೆನ್ನೋಣ. ರೋಗವನ್ನು ತಡೆಯುವುದು ಇವೇ ಎಂಬುದು ಮೆಚ್ನಿಕಾಫನ ಪಕ್ಷ. ೧೮೯೦ರಲ್ಲಿ ಬರ್ಲಿನ್ ನಗರದಲ್ಲಿ ಬೇರಿಂಗನೂ ಜಪಾನಿನ ಕಿಟಾಸಾಟೊವೂ, ಧನುರ್ವಾತದ ವಿಷವನ್ನು ತಾಳಿಕೊಂಡ ಪ್ರಾಣಿಯ ರಕ್ತದಿಂದ ಕಣಗಳನ್ನು ತೆಗೆದು ಉಳಿದ ತಿಳಿಯನ್ನು ಮತ್ತೊಂದು ಪ್ರಾಣಿಗೆ ಕೊಟ್ಟರೆ ಅದಕ್ಕೂ ರಕ್ಷೆಯುಂಟಾಗುವುದೆಂದು ತೋರಿಸಿದರು. ಹಾಗಾದರೆ ರಕ್ಷಕವಾದುದು ಕಣವಲ್ಲ, ತಿಳಿಯಲ್ಲಿ ಕರಗಿರುವ ದ್ರವ್ಯ ಎಂಬುದು ಎರಡನೆಯ ಪಕ್ಷವಾಯಿತು. ಆ ದ್ರವ್ಯವೇ ಪ್ರತಿಕಾಯ. ಈ ವಾದವು ಬಹುಕಾಲ ನಡೆದು, ೧೯೦೮ರಲ್ಲಿ ನೊಬೆಲ್ ಪಾರಿತೋಷಕವು ಕಣಪಕ್ಷದ ಮೆಚ್ನಿಕಾಫನಿಗೂ ದ್ರವಪಕ್ಷದ ಏರ್ಲಿಖನಿಗೂ ಹಂಚಿಕೆಯಾಯಿತು.

ಸಮನ್ವಯದ ಬೀಜವು ಅದಕ್ಕೆ ಮೊದಲೇ ಬಿದ್ದಿತ್ತು. ೧೯೦೩ರಲ್ಲಿ ಲಂಡನ್ನಿನ ಆಲ್ಮ್ರಾತ್ ರೈಟನೂ ಡಗ್ಲಸನೂ ರಕ್ತದ ತಿಳಿಯು ರೋಗಾಣುಗಳಿಗೆ ಅಂಟಿದಾಗ ಭಕ್ಷಕಕಣಗಳು ಅವನ್ನು ಹೆಚ್ಚು ಸುಲಭವಾಗಿ ನುಂಗುತ್ತವೆಂದು ಕಂಡರು. ಹೀಗೆ ಅಂಟುವ ದ್ರವ್ಯಕ್ಕೆ ಆಪ್ಸೋನಿನ್ ಎಂದು ಹೆಸರಿಟ್ಟರು. ಇದರ ಗ್ರೀಕ್ ಧಾತುವಿಗೆ ಊಟಕ್ಕೆ ಅಣಿಮಾಡು, ನಂಜಿಕೊಳ್ಳಲು ಒದಗಿಸು ಎಂಬ ಅರ್ಥವುಂಟು. ನಮ್ಮಲ್ಲಿ ವ್ಯಂಜನವೆಂಬ ಶಬ್ದವು ಇದಕ್ಕೆ ಸರಿಹೊಂದುತ್ತದೆ. ಬರಿಯ ಅನ್ನವು ಗಂಟಲಲ್ಲಿಳಿಯದೆ ವ್ಯಂಜನದೊಡನೆ ಇಳಿಯುವಂತೆ, ಪ್ರತಿಕಾಯವು ಲೇಪವಾದ ರೋಗಾಣುವು ಭಕ್ಷಕಕಣಕ್ಕೆ ಗ್ರಾಹ್ಯವಾಗುತ್ತದೆ.

ಇದರ ಯಂತ್ರವು ಹೀಗಿದೆ. ಪ್ರತಿಕಾಯದ ಅಣುವು ಕವೆಗೋಲಿನ ಆಕಾರದ್ದು. ಕವಲಿನ ಎರಡು ತುದಿಗಳು ರೋಗಾಣುವನ್ನು ಹಿಡಿಯುತ್ತವೆ. ಕಾಂಡದ ತುದಿಯನ್ನು ಹಿಡಿಯುವ ಗ್ರಾಹಕಗಳು ಭಕ್ಷಕಕಣದ ಮೈಮೇಲಿರುತ್ತವೆ. ಈ ರಚನೆಯನ್ನು ಬಿಡಿಸಿ ತೋರಿಸಿದ ಎಡೆಲ್ಮನ್ ಮತ್ತು ಪೋರ್ಟರ್ ಎಂಬವರಿಗೆ ೧೯೭೨ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸಾಂಖ್ಯರ ಅಂಧಪಂಗುನ್ಯಾಯವನ್ನು ಬಲ್ಲವರಿಗೆ ಇದು ಬೇಗ ಮನಸ್ಸಿಗೆ ಹತ್ತುವುದು. ಪ್ರತಿಕಾಯವು ಕಾಣಬಲ್ಲುದು, ಆದರೆ ನಡೆಯಲಾರದು, ತಿನ್ನಲಾರದು. ಭಕ್ಷಕಕಣವು ನಡೆಯಬಲ್ಲುದು, ತಿನ್ನಬಲ್ಲುದು. ಅದರ ದೃಷ್ಟಿ ಮಂದ. ಪೂರ್ಣವಾಗಿ ಕುರುಡೆನ್ನುವುದು ತಪ್ಪು. ರೋಗಾಣುಜಾತಿಗಳಿಗೆ ಸಾಮಾನ್ಯವಾದ ಕೆಲವು ಲಕ್ಷಣಗಳನ್ನು ಗುರುತಿಸುವ ಟೋಲ್ ಮೊದಲಾದ ಗ್ರಾಹಕಗಳು ಅದರಲ್ಲಿ ಹುಟ್ಟಿನಿಂದಲೇ ಇರುತ್ತವೆ. ಇವನ್ನು ಕುರಿತ ಶೋಧನೆಗಾಗಿ ಹಾಫ್‌ಮನ್ ಮತ್ತು ಬ್ಯೂಟ್ಲರ್ ಎಂಬವರು ೨೦೧೧ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಸಹಜರಕ್ಷೆಯ ಕಣಗಳಲ್ಲಿ ಮುಖ್ಯವಾದುವು ನಾಲ್ಕು. ಮೊದಲನೆಯದು ನ್ಯೂಟ್ರೊಫಿಲ್, ಪ್ರಾಪ್ತವಯಸ್ಕರ ಬಿಳಿಯ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ, ಮಜ್ಜೆಯು ಪ್ರತಿದಿನ ಸುಮಾರು ಹತ್ತು ಸಾವಿರ ಕೋಟಿಯಷ್ಟನ್ನು ಹುಟ್ಟಿಸುತ್ತದೆ. ಎರಡನೆಯದು ರಕ್ತದಲ್ಲಿ ಮಾನೊಸೈಟೆಂದೂ ಅಂಗಗಳೊಳಗೆ ನೆಲಸಿದಾಗ ಮ್ಯಾಕ್ರೊಫೇಜೆಂದೂ ಕರೆಯಿಸಿಕೊಳ್ಳುವ ದೊಡ್ಡ ಭಕ್ಷಕಕಣ. ಮೂರನೆಯದು ಡೆಂಡ್ರಿಟಿಕ್ ಕಣ. ರೋಗಾಣುವಿನ ತುಣುಕನ್ನು ಒಯ್ದು ಅರ್ಜಿತರಕ್ಷೆಯ ಟಿ ಕಣಗಳಿಗೆ ತೋರಿಸುವುದು ಇದರ ಕೆಲಸ. ನಾಲ್ಕನೆಯದು ವೈರಾಣು ಹೊಕ್ಕ ಕಣಗಳನ್ನು ಕೊಲ್ಲುವ ಸಹಜಘಾತಕ ಕಣ.

೩. ವ್ಯತಿರೇಕದ ನಿದರ್ಶನ

ಕಾರಣಕಾರ್ಯಗಳ ಸಂಬಂಧವನ್ನು ನಿಶ್ಚಯಿಸಲು ಅನ್ವಯವೊಂದೇ ಸಾಲದು, ವ್ಯತಿರೇಕವೂ ಬೇಕು. ಪ್ರತಿಕಾಯವಿದ್ದಾಗ ರಕ್ಷೆಯಿದೆ ಎಂಬುದು ಅನ್ವಯ. ಪ್ರತಿಕಾಯವಿಲ್ಲದಾಗ ಯಾವ ರಕ್ಷೆ ಇಲ್ಲ, ಯಾವ ರಕ್ಷೆ ಉಳಿಯುತ್ತದೆ ಎಂಬುದು ವ್ಯತಿರೇಕ. ಇಂಥ ವ್ಯತಿರೇಕವನ್ನು ಪ್ರಕೃತಿಯೇ ಒದಗಿಸಿದುದು ೧೯೫೨ರಲ್ಲಿ ಬೆಳಕಿಗೆ ಬಂದಿತು. ಅಮೆರಿಕದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯ ವೈದ್ಯ ಆಗ್ಡೆನ್ ಬ್ರೂಟನನು, ನ್ಯೂಮೊಕಾಕಸ್ ಎಂಬ ರೋಗಾಣುವಿನಿಂದ ಪದೇ ಪದೇ ರಕ್ತದೂಷಣೆಗೆ ಗುರಿಯಾಗುತ್ತಿದ್ದ ಎಂಟು ವರ್ಷದ ಬಾಲಕನ ರಕ್ತವನ್ನು ವಿದ್ಯುತ್ತಿನಿಂದ ಪ್ರೋಟೀನುಗಳನ್ನು ಬೇರ್ಪಡಿಸುವ ವಿಧಾನದಲ್ಲಿ ಪರೀಕ್ಷಿಸಿದನು. ಪ್ರತಿಕಾಯಗಳಿರುವ ಗ್ಯಾಮಾ ಗ್ಲಾಬ್ಯುಲಿನ್ ಎಂಬ ಭಾಗವೇ ಅದರಲ್ಲಿ ಇರಲಿಲ್ಲ. ಇತರರ ರಕ್ತದಿಂದ ತೆಗೆದ ಆ ದ್ರವ್ಯವನ್ನು ಚರ್ಮದಡಿ ಚುಚ್ಚಿ ಕೊಡಲು ಬಾಲಕನು ಚೇತರಿಸಿಕೊಂಡನು.

೧೯೯೩ರಲ್ಲಿ ಇದರ ಮೂಲವು ಎಕ್ಸ್ ವರ್ಣತಂತುವಿನ ಮೇಲಿನ ಒಂದು ಜೀನಿನಲ್ಲಿದೆಯೆಂದು ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದುವು. ಆ ಜೀನು ಹುಟ್ಟಿಸುವ ಪ್ರೋಟೀನಿಗೆ ಬ್ರೂಟನನ ಹೆಸರಿನಿಂದಲೇ ಬಿ.ಟಿ.ಕೆ. ಎಂಬ ಸಂಕೇತವಿದೆ. ಅದಿಲ್ಲದಿದ್ದರೆ ಮಜ್ಜೆಯಲ್ಲಿ ಬಿ ಕಣಗಳು ಎಳೆಯ ಅವಸ್ಥೆಯಲ್ಲಿಯೇ ನಿಂತುಹೋಗುತ್ತವೆ. ಬಿ ಕಣಗಳಿಲ್ಲದೆ ಪ್ರತಿಕಾಯಗಳಿಲ್ಲ. ಗಂಡುಮಗುವಿಗೆ ಎಕ್ಸ್ ವರ್ಣತಂತು ಒಂದೇ ಆದುದರಿಂದ ರೋಗವು ಗಂಡುಮಕ್ಕಳಲ್ಲಿಯೇ ತೋರುತ್ತದೆ. ತಾಯಿಯಿಂದ ಗರ್ಭದಲ್ಲಿ ಬಂದ ಪ್ರತಿಕಾಯಗಳು ಕೆಲವು ತಿಂಗಳು ಕಾಯುವುದರಿಂದ ಆರೇಳು ತಿಂಗಳವರೆಗೆ ಮಗು ಚೆನ್ನಾಗಿಯೇ ಇರುತ್ತದೆ. ಆಮೇಲೆ ಉಪದ್ರವ ಮೊದಲಾಗುತ್ತದೆ. ನನ್ನ ಶಿಷ್ಯನ ಮಗನಿಗೆ ಎಂಟನೆಯ ತಿಂಗಳಲ್ಲಿ ಕಿವಿ ಸೋರಲಾರಂಭಿಸಿದುದು ಇದಕ್ಕೆ ಅನುಗುಣವಾಗಿಯೇ ಇದೆ.

ಈ ಮಕ್ಕಳನ್ನು ಎಲ್ಲ ರೋಗಾಣುಗಳೂ ಸಮನಾಗಿ ಪೀಡಿಸುವುದಿಲ್ಲವೆಂಬುದು ಗಮನಾರ್ಹ. ನ್ಯೂಮೊಕಾಕಸ್, ಹೀಮೊಫಿಲಸ್ ಮೊದಲಾದುವು ಬಹಳವಾಗಿ ಕಾಡುತ್ತವೆ. ಇವುಗಳ ಮೈಮೇಲೆ ಸಕ್ಕರೆಯ ಜಾತಿಯ ನುಣುಪಾದ ಕವಚವಿರುತ್ತದೆ. ನ್ಯೂಟ್ರೊಫಿಲ್ ಹಿಡಿಯಹೋದರೆ ಜಾರುತ್ತದೆ. ಕವಚಕ್ಕೆ ಪ್ರತಿಕಾಯವಂಟಿದರೆ ಹಿಡಿ ಸಿಕ್ಕುತ್ತದೆ. ಇದಕ್ಕೆ ವಿರುದ್ಧವಾಗಿ ಬೂಷ್ಟಿನ ಜಾತಿಯ ರೋಗಾಣುಗಳನ್ನೂ, ಸಾಮಾನ್ಯ ವೈರಾಣುಗಳಲ್ಲಿ ಹೆಚ್ಚಿನವನ್ನೂ ಇವರ ದೇಹವು ಬಹುಮಟ್ಟಿಗೆ ತಾನೇ ಎದುರಿಸುತ್ತದೆ. ಅಲ್ಲಿ ಭಕ್ಷಕಕಣಗಳೂ ಸಹಜಘಾತಕ ಕಣಗಳೂ ಟಿ ಕಣಗಳೂ ಸಾಕಾಗುತ್ತವೆ. ೨೦೨೦ರಲ್ಲಿ ಕೋವಿಡ್ ವ್ಯಾಧಿ ಹರಡಿದಾಗ, ಹುಟ್ಟಿನಿಂದ ಬಿ ಕಣಗಳಿಲ್ಲದ ಇಬ್ಬರು ರೋಗಿಗಳು ಶ್ವಾಸಕೋಶದ ಉರಿಯೂತಕ್ಕೆ ಒಳಗಾಗಿಯೂ ಗುಣವಾದರೆಂದು ಇಟಲಿಯಿಂದ ವರದಿ ಬಂದಿತು. ಆದರೆ ಇದನ್ನು ಅತಿವ್ಯಾಪ್ತಿಗೊಳಿಸಬಾರದು. ಇಂಥ ಬೇರೆ ರೋಗಿಗಳಲ್ಲಿ ಅದೇ ವೈರಾಣು ವಾರಗಟ್ಟಲೆ ಹೋಗದೆ ನಿಂತುದೂ ಉಂಟು. ಪೋಲಿಯೊ ಮೊದಲಾದ ಕರುಳಿನ ವೈರಾಣುಗಳು ಪ್ರತಿಕಾಯವಿಲ್ಲದವರ ಮಿದುಳು, ನರಗಳವರೆಗೆ ಹೋಗಬಲ್ಲವು.

ಹೀಗಿರಲು ವ್ಯತಿರೇಕದಿಂದ ಸಿದ್ಧವಾಗುವುದೇನೆಂದರೆ: ಸಹಜರಕ್ಷೆಯು ನಿಷ್ಪ್ರಯೋಜಕವೂ ಅಲ್ಲ, ಸ್ವಯಂಪೂರ್ಣವೂ ಅಲ್ಲ. ಶಿಷ್ಯನ ಎರಡು ಚೀಟಿಗಳೂ ನಿಜವೆಂದುದರ ಅರ್ಥ ಇದೇ. ಕಣಗಳು ಎಣಿಕೆಯಲ್ಲಿದ್ದುವು, ಅವಕ್ಕೆ ತುತ್ತನ್ನು ಅಣಿಮಾಡಿಕೊಡುವ ವ್ಯಂಜನವಿರಲಿಲ್ಲ.

೪. ಸಹಜಕಣಗಳು ನಿರ್ದೋಷವೆ?

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಬಿ.ಟಿ.ಕೆ. ಎಂಬುದು ಬಿ ಕಣಗಳಲ್ಲಿ ಮಾತ್ರ ಇರುವ ವಸ್ತುವಲ್ಲ. ನ್ಯೂಟ್ರೊಫಿಲ್, ಮಾನೊಸೈಟ್ ಮೊದಲಾದ ಸಹಜಕಣಗಳಲ್ಲಿಯೂ ಇದೆ, ಟೋಲ್ ಗ್ರಾಹಕಗಳ ಸುದ್ದಿಯನ್ನು ಕಣದೊಳಕ್ಕೆ ಮುಟ್ಟಿಸುವುದರಲ್ಲಿ ಭಾಗವಹಿಸುತ್ತದೆ. ಹಾಗಿದ್ದ ಮೇಲೆ ಅದಿಲ್ಲದವರ ಸಹಜಕಣಗಳೂ ದುಷ್ಟವಾಗಿರಬೇಕಲ್ಲವೆ?

ಇದಕ್ಕೆ ಒಂದು ಉತ್ತರವು ತಾಯಂದಿರ ರಕ್ತದಿಂದ ಬಂದಿದೆ. ಹೆಂಗಸಿನಲ್ಲಿ ಎಕ್ಸ್ ವರ್ಣತಂತುಗಳು ಎರಡಿದ್ದರೂ ಒಂದೊಂದು ಕಣದಲ್ಲಿಯೂ ಒಂದು ಮಾತ್ರ ಎಚ್ಚರವಾಗಿರುತ್ತದೆ. ದೋಷವಾಹಿನಿಯಾದ ತಾಯಿಯ ಬಿ ಕಣಗಳೆಲ್ಲವೂ ಒಳ್ಳೆಯ ಜೀನು ಎಚ್ಚರವಾಗಿರುವುವೇ ಆಗಿರುತ್ತವೆ, ಏಕೆಂದರೆ ಬೇರೆಯವು ಬೆಳೆಯಲೇ ಇಲ್ಲ. ಅವಳ ನ್ಯೂಟ್ರೊಫಿಲುಗಳೂ ಮಾನೊಸೈಟುಗಳೂ ಹಾಗಲ್ಲ, ಬಿ.ಟಿ.ಕೆ. ಉಳ್ಳವೂ ಇಲ್ಲದವೂ ಎರಡೂ ಕೂಡಿಯೇ ಇರುತ್ತವೆ. ಎಂದರೆ ಸಹಜಕಣವು ಹುಟ್ಟಿ ಬೆಳೆಯುವುದಕ್ಕೆ ಬಿ.ಟಿ.ಕೆ. ಅನಿವಾರ್ಯವಲ್ಲ. ಈ ತತ್ತ್ವವೇ ರೋಗನಿರ್ಣಯಕ್ಕೂ ಉಪಯೋಗವಾಗಿದೆ. ಮಗುವಿನಲ್ಲಿ ಬಿ ಕಣಗಳೇ ಇಲ್ಲದಿರುವುದರಿಂದ ಬಿ.ಟಿ.ಕೆ. ಇದೆಯೋ ಇಲ್ಲವೋ ಎಂಬುದನ್ನು ಅವನ ಮಾನೊಸೈಟುಗಳಲ್ಲಿ ನೋಡುತ್ತಾರೆ. ತಾಯಿಯ ಮಾನೊಸೈಟುಗಳು ಎರಡು ಗುಂಪಾಗಿ ತೋರಿದರೆ ದೋಷದ ದಾರಿ ತಿಳಿಯುತ್ತದೆ. ಅರ್ಜಿತರಕ್ಷೆಯ ರೋಗಕ್ಕೆ ಸಹಜರಕ್ಷೆಯ ಕಣವೇ ಸಾಕ್ಷಿ ಹೇಳುತ್ತದೆ.

ಆದರೆ ಹುಟ್ಟುವುದು ಬೇರೆ, ಕೆಲಸಮಾಡುವುದು ಬೇರೆ. ಈ ವ್ಯಾಧಿಯಿರುವ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಂದ ನಾಲ್ವರಲ್ಲಿ ಒಬ್ಬರವರೆಗೆ, ಮೊದಲು ವೈದ್ಯರಲ್ಲಿಗೆ ಬಂದಾಗ, ನ್ಯೂಟ್ರೊಫಿಲುಗಳ ಎಣಿಕೆ ಬಹಳ ಇಳಿದಿರುತ್ತದೆ. ಗ್ಯಾಮಾ ಗ್ಲಾಬ್ಯುಲಿನ್ ಕೊಡತೊಡಗಿದ ಮೇಲೆ ಇದು ಸಾಮಾನ್ಯವಾಗಿ ಸರಿಹೋಗುವುದರಿಂದ, ತೀವ್ರವಾದ ರೋಗದ ಹೊಡೆತದಲ್ಲಿ ಮಜ್ಜೆಯ ಉತ್ಪತ್ತಿಯು ವೆಚ್ಚಕ್ಕೆ ಸಾಲದೆ ಹೋಗುವುದೇ ಕಾರಣವೆಂದು ಊಹಿಸುತ್ತಾರೆ.

ಕಣಗಳ ಕಾರ್ಯದ ವಿಷಯದಲ್ಲಿ ಪಂಡಿತರಲ್ಲಿ ಐಕಮತ್ಯವಿಲ್ಲ. ೨೦೦೭ರ ಒಂದು ಶೋಧನೆಯಲ್ಲಿ, ಎಂಟನೆಯ ಟೋಲ್ ಗ್ರಾಹಕವನ್ನು ಕೆಣಕಿದಾಗ ರೋಗಿಗಳ ಡೆಂಡ್ರಿಟಿಕ್ ಕಣಗಳು ಮೊದಲಾದುವು ಉರಿಯೂತದ ದ್ರವ್ಯಗಳನ್ನು ಕಡಿಮೆ ಬಿಡುತ್ತವೆಂದು ಕಂಡಿತು. ೨೦೧೨ರ ಮತ್ತೊಂದರಲ್ಲಿ ಅಂಥ ಕಣಗಳು ಹೆಚ್ಚು ಬಿಡುತ್ತವೆಂದು ಕಂಡಿತು. ಅದೇ ೨೦೧೨ರಲ್ಲಿ ಜಪಾನಿನವರು, ಬಿ.ಟಿ.ಕೆ. ಇಲ್ಲದ ನ್ಯೂಟ್ರೊಫಿಲು ದಾಹಕವಾದ ಆಮ್ಲಜನಕದ ರೂಪಗಳನ್ನು ಮಿತಿಮೀರಿ ಹುಟ್ಟಿಸಿ ಬೇಗನೆ ಸಾಯುತ್ತದೆಂದರು. ಮುಂದೆ ಪರೀಕ್ಷಿಸಿದ ಇತರರಿಗೆ ನ್ಯೂಟ್ರೊಫಿಲುಗಳ ನಡೆ ಸಾಮಾನ್ಯವಾಗಿಯೇ ಕಂಡಿತು. ಗ್ರಂಥಸಂಪಾದನೆ ಮಾಡಿದವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಪ್ರತಿಗಳು ನಾಲ್ಕೇ ಇದ್ದು, ಒಂದು ತ್ರುಟಿತವಾಗಿ, ಒಂದು ತಿದ್ದಿದುದಾಗಿದ್ದರೆ ಪಾಠಾಂತರ ಹುಟ್ಟದಿರದು. ಇಲ್ಲಿಯೂ ರೋಗಿಗಳು ವಿರಳ; ಒಬ್ಬನು ಚಿಕಿತ್ಸೆ ಪಡೆದವನು, ಒಬ್ಬನು ಪಡೆಯದವನು, ಒಬ್ಬನು ಜ್ವರದಲ್ಲಿದ್ದವನು. ದೋಷವು ಕಣದ್ದೋ, ಪ್ರತಿಕಾಯದ ಅಭಾವದ್ದೋ, ಬಹುಕಾಲದ ರೋಗದ್ದೋ ಎಂಬುದನ್ನು ವಿಂಗಡಿಸದೆ ಒಂದು ಪಾಠವನ್ನು ಸಿದ್ಧಾಂತವೆನ್ನಲಾಗದು. ಇಷ್ಟನ್ನು ಹೇಳಬಹುದು: ಸಹಜಕಣಗಳು ಈ ರೋಗದಲ್ಲಿ ಬದುಕುತ್ತವೆ, ಬಹುಮಟ್ಟಿಗೆ ಕೆಲಸಮಾಡುತ್ತವೆ, ಆದರೆ ಅವುಗಳ ಉರಿಯೂತದ ಅಳತೆ ಎಲ್ಲರಲ್ಲಿಯೂ ಸಮವಾಗಿರುವುದಿಲ್ಲ.

೫. ಇತರ ಪ್ರಭೇದಗಳು

ಪ್ರತಿಕಾಯದ ನ್ಯೂನತೆಯು ಒಂದೇ ವ್ಯಾಧಿಯಲ್ಲ. ಬಿ ಕಣಗಳಿದ್ದರೂ ಪ್ರತಿಕಾಯಗಳನ್ನು ಸಾಕಷ್ಟು ಹುಟ್ಟಿಸದಿರುವ, ಅನೇಕವೇಳೆ ಯೌವನದಲ್ಲಿ ತಲೆದೋರುವ, ನಾನಾ ರೂಪದ ಒಂದು ವ್ಯಾಧಿಯಿದೆ. ಇದರಲ್ಲಿ ಹೆಣ್ಣುಗಂಡೆಂಬ ಭೇದವಿಲ್ಲ. ಇಲ್ಲಿ ಸಹಜಕಣಗಳ ವಿಕಾರವು ಇನ್ನೂ ಸ್ಫುಟ. ಕೆಲವರಲ್ಲಿ ಡೆಂಡ್ರಿಟಿಕ್ ಕಣಗಳು ಕಡಿಮೆ. ಕೆಲವರಲ್ಲಿ ಸಹಜಘಾತಕ ಕಣಗಳು ಕಡಿಮೆ, ಅಂಥವರಲ್ಲಿ ರೋಗವೂ ಉಗ್ರ. ಮತ್ತೆ ಕೆಲವರಲ್ಲಿ ಮಾನೊಸೈಟುಗಳು ಶತ್ರುವು ಎದುರಿಗಿಲ್ಲದಿದ್ದರೂ ಕೆರಳಿದ ಸ್ಥಿತಿಯಲ್ಲಿಯೇ ಇರುತ್ತವೆ. ಕರುಳಿನ ಒಳಪದರವನ್ನು ಕಾಯುವ ಎ ವರ್ಗದ ಪ್ರತಿಕಾಯವಿಲ್ಲದಿರುವುದರಿಂದ ಅಲ್ಲಿಯ ರೋಗಾಣುಗಳ ಅಂಶಗಳು ರಕ್ತಕ್ಕೆ ಸೋರಿ ಮಾನೊಸೈಟನ್ನು ಕೆಣಕುತ್ತವೆಂಬುದು ಒಂದು ವಿವರಣೆ. ಈ ರೋಗಿಗಳಲ್ಲಿ ಒಂದು ಪಾಲಿನವರಿಗೆ ಸೋಂಕಿನ ಜೊತೆಗೆ ಗುಲ್ಮ ದೊಡ್ಡದಾಗುವುದು, ಶ್ವಾಸಕೋಶದಲ್ಲಿ ಗಂಟು ಕಟ್ಟುವುದು ಮುಂತಾದ ಉರಿಯೂತದ ತೊಂದರೆಗಳು ಬರುವುದು ಇದರೊಡನೆ ಹೊಂದುತ್ತದೆ. ಕಾವಲುಗಾರನು ನಿದ್ದೆಹೋದಂತೆಯೇ, ರಾತ್ರಿಯೆಲ್ಲ ಸುಮ್ಮನೆ ಕೂಗಾಡಿದರೂ ಮನೆಗೆ ಸುಖವಿಲ್ಲ.

ಮತ್ತೊಂದು ಪ್ರಭೇದದಲ್ಲಿ ಎಂ ವರ್ಗದ ಪ್ರತಿಕಾಯವು ಸಾಕಷ್ಟು ಅಥವಾ ಹೆಚ್ಚಾಗಿಯೇ ಇದ್ದು, ಜಿ ಮತ್ತು ಎ ವರ್ಗದವು ಇರುವುದಿಲ್ಲ. ಇದರ ಮುಖ್ಯರೂಪದಲ್ಲಿ ದೋಷವಿರುವುದು ಬಿ ಕಣದಲ್ಲಲ್ಲ. ಟಿ ಕಣವು ಇತರ ಕಣಗಳನ್ನು ಎಚ್ಚರಿಸಲು ಚಾಚುವ ಒಂದು ಪ್ರೋಟೀನಿನಲ್ಲಿ. ಆ ಎಚ್ಚರಿಕೆ ಬಿ ಕಣಕ್ಕೂ ತಲಪುವುದಿಲ್ಲ, ಮ್ಯಾಕ್ರೊಫೇಜಿಗೂ ತಲಪುವುದಿಲ್ಲ. ಆದಕಾರಣ ಇಂಥ ಮಕ್ಕಳಿಗೆ ನ್ಯೂಮೊಸಿಸ್ಟಿಸ್ ಎಂಬ ಬೂಷ್ಟಿನ ಜಾತಿಯ ನ್ಯುಮೋನಿಯವೂ ಬರುತ್ತದೆ. ನ್ಯೂಟ್ರೊಫಿಲುಗಳೂ ಅನೇಕರಲ್ಲಿ ಇಳಿಯುತ್ತವೆ. ಬ್ರೂಟನನ ವ್ಯಾಧಿಯಲ್ಲಿ ಸಹಜಕಣಕ್ಕೆ ವ್ಯಂಜನವಿಲ್ಲ. ಇಲ್ಲಿ ಆಜ್ಞೆಯೂ ಇಲ್ಲ.

೬. ಚಿಕಿತ್ಸೆಯೂ ನಮ್ಮ ನಾಡೂ

ಸಾವಿರಾರು ದಾನಿಗಳ ರಕ್ತದಿಂದ ಕೂಡಿಸಿದ ಜಿ ವರ್ಗದ ಪ್ರತಿಕಾಯವನ್ನು ಕೊಡುವುದೇ ಮುಖ್ಯ ಚಿಕಿತ್ಸೆ. ದೇಹದಲ್ಲಿ ಅದರ ಅರ್ಧವು ಸುಮಾರು ಮೂರು ವಾರಗಳಲ್ಲಿ ಕ್ಷಯಿಸುವುದರಿಂದ, ರಕ್ತನಾಳದ ಮೂಲಕ ಕೊಡುವಾಗ ಮೂರು ನಾಲ್ಕು ವಾರಗಳಿಗೊಮ್ಮೆ, ಜೀವಮಾನವಿಡೀ ಕೊಡಬೇಕು. ಮಗು ಬೆಳೆದು ತೂಕ ಹೆಚ್ಚಿದಂತೆ ಔಷಧದ ಪ್ರಮಾಣವೂ ವೆಚ್ಚವೂ ಹೆಚ್ಚುತ್ತವೆ. ಇಲ್ಲಿ ಎರವಲು ತಂದುದು ವ್ಯಂಜನ ಮಾತ್ರ; ತಿನ್ನುವವು ಮಗುವಿನ ಸ್ವಂತ ಸಹಜಕಣಗಳೇ. ಅವು ಉಳಿದಿರುವುದರಿಂದಲೇ ಚಿಕಿತ್ಸೆ ಫಲಿಸುತ್ತದೆ. ಎ ವರ್ಗದ ಪ್ರತಿಕಾಯವನ್ನು ಹೀಗೆ ತುಂಬಿಕೊಡಲಾಗುವುದಿಲ್ಲವಾದುದರಿಂದ ಮೂಗು, ಶ್ವಾಸನಾಳಗಳ ಒಳಪದರವು ದುರ್ಬಲವಾಗಿಯೇ ಉಳಿಯುತ್ತದೆ. ನಿರ್ಣಯವು ತಡವಾದರೆ ಶ್ವಾಸನಾಳಗಳು ಹಿಗ್ಗಿ ಮತ್ತೆ ಸರಿಹೋಗದ ಸ್ಥಿತಿಗೆ ಬರುತ್ತವೆ.

ಭಾರತ ಸರ್ಕಾರವು ೨೦೨೧ರಲ್ಲಿ ಪ್ರಕಟಿಸಿದ ವಿರಳರೋಗಗಳ ರಾಷ್ಟ್ರೀಯ ನೀತಿಯಲ್ಲಿ ಈ ವ್ಯಾಧಿಯ ಹೆಸರೂ ಇದೆ. ಆ ನೀತಿಯು ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಜೊತೆಯಾಗಿ ಸೇರಿವೆ. ಹಳ್ಳಿಯಲ್ಲಿರುವವರಿಗೆ ಇದಕ್ಕಿಂತ ಮೊದಲು ಬೇಕಾದುದು ಸಂಶಯಪಡುವ ಕಣ್ಣು. ಗಂಡುಮಗುವಿಗೆ ಮೊದಲ ವರ್ಷದಿಂದ ಕಿವಿ, ಎದೆಗಳ ಸೋಂಕು ಬಿಡದೆ ಬರುತ್ತಿದ್ದು, ಗಂಟಲಿನಲ್ಲಿ ಟಾನ್ಸಿಲ್ ಗಂಟುಗಳು ಕಾಣದಷ್ಟು ಚಿಕ್ಕವಾಗಿದ್ದರೆ, ಪ್ರತಿಕಾಯಗಳ ಅಳತೆಯನ್ನು ಮಾಡಿಸಬೇಕು. ಆ ಗಂಟುಗಳು ಬಹುಮಟ್ಟಿಗೆ ಬಿ ಕಣಗಳ ನೆಲೆ. ನೆಲಸುವವರಿಲ್ಲದಲ್ಲಿ ಮನೆ ಬೆಳೆಯದು.

ಇಂಥ ಮಕ್ಕಳಿಗೆ ಸಜೀವವಾದ ಪೋಲಿಯೊ ಹನಿಗಳನ್ನು ಹಾಕಬಾರದೆಂಬುದು ವೈದ್ಯರ ವಿಧಿ. ನಿರ್ಜೀವ ಲಸಿಕೆಯ ಚುಚ್ಚುಮದ್ದೇ ಅವರ ಮನೆಯವರಿಗೂ ವಿಹಿತ. ಇದು ಆ ಮನೆಗಳಿಗೆ ಮಾತ್ರ ಸಲ್ಲುವ ಅಪವಾದ. ಭಾರತದಲ್ಲಿ ಕಾಡುಪೋಲಿಯೊದ ಕಡೆಯ ರೋಗಿ ಕಂಡ ದಿನ ೨೦೧೧ರ ಜನವರಿ ೧೩. ೨೦೧೪ರ ಮಾರ್ಚ್ ೨೭ರಂದು ಈ ಪ್ರದೇಶವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಅದು ಉತ್ಸರ್ಗವಿಧಿಯ ಫಲವೆಂಬುದನ್ನು ಮರೆಯಬಾರದು.

೭. ಉಪಸಂಹಾರ

ಕೊನೆಯದಾಗಿ ತಾಯಂದಿರ ಮಾತು. ನನ್ನ ಶಿಷ್ಯನ ಪತ್ನಿಯ ತಮ್ಮನೊಬ್ಬನು ಎಳವೆಯಲ್ಲಿಯೇ ಇಂಥದೇ ಜ್ವರದಿಂದ ತೀರಿಕೊಂಡಿದ್ದನು. ನಿರ್ಣಯವಾದ ಮೇಲೆ, ದೋಷವು ಅವಳ ತವರಿನದೆಂದು ಬಂಧುಗಳು ಆಡಿದ ಮಾತು ರೋಗಕ್ಕಿಂತ ಹೆಚ್ಚಾಗಿ ಆಕೆಯನ್ನು ನೋಯಿಸಿತು. ಸೋದರಸಂಬಂಧದ ಮದುವೆಯೇ ಕಾರಣವೆಂದು ಇನ್ನು ಕೆಲವರು ಹೇಳಿದರು. ಪ್ರತಿಕಾಯನ್ಯೂನತೆಯ ವಿರಳವಾದ ಬೇರೆ ರೂಪಗಳಲ್ಲಿ ತಂದೆತಾಯಿಗಳಿಬ್ಬರ ಕಡೆಯಿಂದಲೂ ದೋಷ ಬರಬೇಕಾಗಿದ್ದು, ಅಲ್ಲಿ ಹತ್ತಿರದ ಮದುವೆಯಿಂದ ಸಂಭವ ಹೆಚ್ಚುವುದು ನಿಜ. ಬ್ರೂಟನನ ವ್ಯಾಧಿಗೆ ಅದು ಸಲ್ಲದು. ಹಲವು ಮನೆಗಳಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿಯೂ ಇದು ಹುಟ್ಟುತ್ತದೆ. ವಾಹಿನಿಯಾದ ತಾಯಿಗೆ ಹುಟ್ಟುವ ಗಂಡುಮಗುವಿಗೆ ರೋಗ ಬರುವ ಸಂಭವವೂ ಬಾರದಿರುವ ಸಂಭವವೂ ಸಮ. ಅದರಲ್ಲಿ ಆಕೆಯ ಆಯ್ಕೆಯಿಲ್ಲ. ಆಯ್ಕೆಯಿಲ್ಲದಲ್ಲಿ ಅಪರಾಧವಿಲ್ಲವೆಂಬುದು ಧರ್ಮಶಾಸ್ತ್ರವನ್ನು ಓದಿದವರಿಗೆ ಹೇಳಬೇಕಾದ ಮಾತಲ್ಲ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗುವನ್ನು ಕಾದುದು ಆ ತಾಯಿಯ ಪ್ರತಿಕಾಯಗಳೇ ಎಂಬುದನ್ನೂ ಬಂಧುಗಳು ತಿಳಿಯಬೇಕು.

ಸಹಜವೆಂದೂ ಅರ್ಜಿತವೆಂದೂ ನಾವು ಮಾಡುವ ವಿಭಾಗವು ಬೋಧನೆಯ ಸೌಕರ್ಯಕ್ಕಾಗಿ. ದೇಹದಲ್ಲಿ ಅವುಗಳ ವ್ಯಾಪಾರವು ಒಂದೇ. ಈ ಅಭಿಪ್ರಾಯವನ್ನು ನನ್ನ ಶಿಷ್ಯನಿಗೆ ಅವನ ಮಾತಿನಲ್ಲಿಯೇ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನನ್ನ ಮಗನ ಕಣ ಸೋಮಾರಿಗಳಲ್ಲ, ಅಲ್ವಾ ಮೇಷ್ಟ್ರೇ?” ಎಂದನು. ಅಲ್ಲವೆಂದೆನು. ಹುಡುಗನು ಈಗ ನಾಲ್ಕು ವಾರಕ್ಕೊಮ್ಮೆ ತಂದೆಯೊಡನೆ ಬೆಂಗಳೂರಿಗೆ ಹೋಗಿಬರುತ್ತಾನೆ; ಉಳಿದ ದಿನಗಳಲ್ಲಿ ಶಾಲೆಗೆ ಹೋಗುತ್ತಾನೆ.